ದೀನತೆಯ ಧ್ಯಾನಕೂಟ: ಮೈಸೂರಿನ ಅಂಚಿನ ಒಂದು ಧ್ಯಾನಮನೆಯಲ್ಲಿ ಮೂರು ದಿನ

ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರಾದ ನಾವು ವ್ರತ ಆಚರಿಸುವ ತಪಸ್ಸುಕಾಲದ ಈ ಬಾರಿಯ ಮೂರನೆಯ ವಾರ, ಶುಕ್ರವಾರ ಸಂಜೆಯಿಂದ ಸೋಮವಾರ ಮಧ್ಯಾಹ್ನದವರೆಗೆ, ಮೈಸೂರಿನಿಂದ ಶ್ರೀರಂಗಪಟ್ಟಣದ ಕಡೆಗೆ ಹೋಗುವಾಗ ಊರಿನ ಗದ್ದಲ ಮುಗಿದು ತೆಂಗಿನ ತೋಟಗಳು ಕಾಣಿಸಿಕೊಳ್ಳುವ ಜಾಗದಲ್ಲಿರುವ ಒಂದು ಧ್ಯಾನಮನೆಯಲ್ಲಿ ನಡೆದ ಧ್ಯಾನಕೂಟದಲ್ಲಿ ನಾನು ಭಾಗವಹಿಸಿದೆ. ಅಹಂಕಾರವನ್ನು ಗೆಲ್ಲುವುದು, ದೀನತೆಯನ್ನು ಬೆಳೆಸಿಕೊಳ್ಳುವುದು ಅಲ್ಲಿಯ ವಿಷಯವಾಗಿತ್ತು. ಇಂಥ ಕೂಟಕ್ಕೆ ಹೋಗಬೇಕೆಂದು ಯೋಚಿಸುತ್ತಿರುವವರಿಗೆ ಅಲ್ಲಿ ನಿಜವಾಗಿ ಏನು ನಡೆಯುತ್ತದೆ, ಏನು ಚೆನ್ನಾಗಿದೆ, ಯಾವುದು ಸರಿಯಾಗಬೇಕು ಎಂಬುದು ತಿಳಿದರೆ ಅನುಕೂಲವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಮನೆಯ ಹೆಸರನ್ನು ಬರೆಯುವುದಿಲ್ಲ. ಹೊರಡುವಾಗ ಬೋಧಕ ಗುರುಗಳನ್ನು ಅನುಮತಿ ಕೇಳಿದ್ದಕ್ಕೆ ಅವರು, "ನಿಮಗೆ ಏನಾಯಿತೋ ಅದನ್ನು ಬರೆಯಿರಿ ಮೇಷ್ಟ್ರೇ, ನಮ್ಮ ಹೆಸರು ಯಾಕೆ?" ಎಂದರು. ಅವರ ಮಾತನ್ನು ಮೀರಲಾರೆ.

ನಾನು ಹೋದ ಕಾರಣವನ್ನು ಮೊದಲೇ ಹೇಳದಿದ್ದರೆ ಮುಂದಿನ ಮಾತುಗಳಿಗೆ ಅರ್ಥವಿರುವುದಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಭಾನುವಾರದ ಬಲಿಪೂಜೆಯಲ್ಲಿ ಬೈಬಲಿನ ವಾಚನಗಳನ್ನು ಯಾರು ಓದಬೇಕೆಂದು ಪಟ್ಟಿ ಮಾಡುವ, ಓದುವವರಿಗೆ ತರಬೇತಿ ಕೊಡುವ ಹೊಣೆ ಬಹಳ ಕಾಲದಿಂದ ನನ್ನದು. ಕಳೆದ ವರ್ಷ ಮಂಡ್ಯದ ಕಡೆಯ ಹಳ್ಳಿಯೊಂದರಿಂದ ಬಂದು ಇಲ್ಲಿ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗ ತಾನಾಗಿಯೇ ಕೇಳಿಕೊಂಡು ಮೊದಲ ವಾಚನವನ್ನು ಓದಿದ. ಆಶೀರ್ವಾದ ಎಂಬಲ್ಲಿ ಆಸೀರ್ವಾದ ಎಂದ, ಹೃದಯ ಎಂಬಲ್ಲಿ ರುದಯ ಎಂದ. ಪೂಜೆ ಮುಗಿದ ಮೇಲೆ ದೇವಾಲಯದ ಬಾಗಿಲಲ್ಲಿ, ಹತ್ತಾರು ಜನರ ನಡುವೆ, ಅವನನ್ನು ನಿಲ್ಲಿಸಿ ಆ ಎರಡು ಪದಗಳನ್ನು ಮೂರು ಸಲ ಹೇಳಿಸಿದೆ. ಕೆಲವರು ನಕ್ಕರು. ದೇವರ ವಾಕ್ಯದ ಗೌರವವನ್ನು ಕಾಪಾಡುತ್ತಿದ್ದೇನೆಂದೇ ಆಗ ನಾನು ನಂಬಿದ್ದೆ. ಆ ಹುಡುಗ ಮತ್ತೆ ವಾಚನಪೀಠದ ಬಳಿ ಬರಲಿಲ್ಲ. ಕೆಲವು ವಾರಗಳ ನಂತರ ನಮ್ಮ ದೇವಾಲಯಕ್ಕೂ ಬರಲಿಲ್ಲ. ಈ ಸಂಗತಿಯನ್ನು ಪಾಪನಿವೇದನೆಯಲ್ಲಿ ಹೇಳಿದಾಗ ನಮ್ಮ ಗುರುಗಳೇ ಈ ಧ್ಯಾನಕೂಟಕ್ಕೆ ಹೆಸರು ಬರೆಸಲು ಸೂಚಿಸಿದರು.

ಮನೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಇಬ್ಬರಿಗೊಂದು ಕೋಣೆ, ಮರದ ಮಂಚ, ತೆಳುವಾದ ಹಾಸಿಗೆ, ಶುಚಿಯಾದ ಶೌಚಾಲಯ. ಊಟ ನಮ್ಮ ಕಡೆಯದೇ: ಬೆಳಿಗ್ಗೆ ಉಪ್ಪಿಟ್ಟು ಅಥವಾ ಚಿತ್ರಾನ್ನ, ಮಧ್ಯಾಹ್ನ ಮುದ್ದೆ ಮತ್ತು ಉಪ್ಸಾರು, ರಾತ್ರಿ ಅನ್ನ, ಮಜ್ಜಿಗೆ. ತಪಸ್ಸುಕಾಲವಾದ್ದರಿಂದ ಮಾಂಸವಿರಲಿಲ್ಲ. ಮೂರು ರಾತ್ರಿಗೆ ಒಬ್ಬರಿಂದ 1,500 ರೂಪಾಯಿ ತೆಗೆದುಕೊಂಡರು. ಕೊಡಲಾಗದವರು ಕಚೇರಿಯಲ್ಲಿಟ್ಟಿರುವ ಪೆಟ್ಟಿಗೆಗೆ ಕೈಲಾದಷ್ಟು ಹಾಕಬಹುದು, ಯಾರು ಎಷ್ಟು ಹಾಕಿದರೆಂದು ಯಾರೂ ನೋಡುವುದಿಲ್ಲ. ಮೊಬೈಲುಗಳನ್ನು ಮೊದಲ ದಿನವೇ ತೆಗೆದಿಡುತ್ತಾರೆ. ಸಂಜೆ ಏಳರಿಂದ ಎಂಟರವರೆಗಿನ ಒಂದು ಗಂಟೆಯನ್ನು ಬಿಟ್ಟರೆ ಉಳಿದ ಸಮಯವೆಲ್ಲ ಮೌನ.

ಬೋಧನೆಗಳು ದಿನಕ್ಕೆ ಎರಡೇ ಇದ್ದವು, ಒಂದೊಂದೂ ಮುಕ್ಕಾಲು ಗಂಟೆಯದು. ಕೂಟಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಪ್ರಬೋಧನೆ ಕೇಳಿ ಅಭ್ಯಾಸವಾದವರಿಗೆ ಇದು ಕಡಿಮೆ ಎನ್ನಿಸಬಹುದು. ನನಗೆ ಇದೇ ಸರಿ ಎನ್ನಿಸಿತು, ಏಕೆಂದರೆ ಕೇಳಿದ್ದು ಒಳಗಿಳಿಯಲು ಅವಕಾಶವಿತ್ತು. ಮೊದಲ ಬೋಧನೆಯಲ್ಲಿ ಗುರುಗಳು, ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗೆ ಬರೆದ ನಿಯಮಾವಳಿಯ ಏಳನೆಯ ಅಧ್ಯಾಯವನ್ನು ತೆಗೆದುಕೊಂಡರು. ಅಲ್ಲಿ ದೀನತೆಗೆ ಹನ್ನೆರಡು ಮೆಟ್ಟಿಲುಗಳಿವೆ. ದೇವರು ಸದಾ ನನ್ನನ್ನು ನೋಡುತ್ತಿದ್ದಾನೆ ಎಂಬ ಭಯಭಕ್ತಿಯನ್ನು ಮರೆಯದಿರುವುದು ಮೊದಲನೆಯದು. ನಡೆಯುವಾಗ, ಕೂರುವಾಗ ತಲೆ ಬಾಗಿ ಇರುವುದು, ಅಂದರೆ ಮೈಮೇಲೆ ಕಾಣುವ ದೀನತೆ, ಹನ್ನೆರಡನೆಯದು, ಕೊನೆಯದು. "ನಮ್ಮಲ್ಲಿ ಹೆಚ್ಚಿನವರು ಹನ್ನೆರಡನೆಯದರಿಂದ ಹತ್ತಲು ಶುರುಮಾಡುತ್ತೇವೆ" ಎಂದರು. ಕೈಮುಗಿಯುವುದು, ಮೆಲ್ಲಗೆ ಮಾತಾಡುವುದು, ಹಿಂದಿನ ಸಾಲಿನಲ್ಲಿ ಕೂರುವುದು ಇವೆಲ್ಲ ಸುಲಭವಾಗಿ ಕಲಿಯಬಹುದಾದ ವಿದ್ಯೆಗಳು. ನಾನೂ ಅವನ್ನು ಕಲಿತಿದ್ದೆ. ದೊಡ್ಡ ಹಬ್ಬಗಳ ದಿನ ನಾನು ಎಂದೂ ಮುಂದಿನ ಕುರ್ಚಿಯಲ್ಲಿ ಕೂತವನಲ್ಲ. ಆದರೆ ಹಿಂದಿನ ಸಾಲಿನಲ್ಲಿ ಕೂತು ಓದುವವರ ತಪ್ಪುಗಳನ್ನು ಬೆರಳು ಮಡಿಸಿ ಎಣಿಸುತ್ತಿದ್ದೆ.

ಆ ಬೋಧನೆಯ ಇನ್ನೊಂದು ಮಾತನ್ನು ಇಲ್ಲಿ ದಾಖಲಿಸಬೇಕು. ತನ್ನನ್ನು ತಾನು ಹಳಿದುಕೊಳ್ಳುವುದಕ್ಕೆ ದೀನತೆ ಎಂಬ ಹೆಸರು ಸಲ್ಲದೆಂದು ಗುರುಗಳು ಒತ್ತಿ ಹೇಳಿದರು. ದೀನತೆಯೆಂದರೆ ಸತ್ಯದಲ್ಲಿ ನಡೆಯುವುದು ಎಂದು ಹದಿನಾರನೆಯ ಶತಮಾನದ ಆವಿಲಾದ ಸಂತ ತೆರೇಸಾ ಹೇಳಿದ್ದನ್ನು ನೆನಪಿಸಿ, "ನಿಮಗೆ ಚೆನ್ನಾಗಿ ಹಾಡಲು ಬರುತ್ತದೆಯಾದರೆ ಬರುವುದಿಲ್ಲ ಎನ್ನಬೇಡಿ, ಅದು ಸುಳ್ಳು. ಆ ಕಂಠ ಎಲ್ಲಿಂದ ಬಂತೆಂದು ಕೇಳಿಕೊಳ್ಳಿ" ಎಂದರು. ನಾನು ಕಲಿತ ಕನ್ನಡ ತಪ್ಪಲ್ಲ ಎಂಬ ಸಮಾಧಾನವೂ, ಅದು ಎಲ್ಲಿಂದ ಬಂತೆಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ ಎಂಬ ಅರಿವೂ ಒಟ್ಟಿಗೇ ಬಂದವು.

ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಅಡುಗೆಮನೆಯ ಹಿಂದಿನ ತೊಟ್ಟಿಯ ಬಳಿ. ಬಂದವರು ಮೂವತ್ತಾರು ಜನ. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಪಾತ್ರೆ ತೊಳೆಯುವುದು, ಅಂಗಳ ಗುಡಿಸುವುದು, ಶೌಚಾಲಯ ಶುಚಿಗೊಳಿಸುವುದು ಎಂದು ಪಾಳಿ ಹಾಕಿದ್ದರು. ಈ ಧ್ಯಾನಕೂಟದ ಅತ್ಯುತ್ತಮ ಭಾಗ ಯಾವುದೆಂದು ಯಾರಾದರೂ ಕೇಳಿದರೆ ಈ ಪಾಳಿಯನ್ನೇ ಹೇಳುತ್ತೇನೆ. ಇದು ಶಿಕ್ಷೆಯಂತಿರಲಿಲ್ಲ, ತೋರಿಕೆಯೂ ಆಗಿರಲಿಲ್ಲ. ಮುದ್ದೆಯ ಪಾತ್ರೆಗೆ ಅಂಟಿದ ಹಿಟ್ಟು ನಿಜವಾಗಿಯೂ ಹೋಗಬೇಕಿತ್ತು. ಅಡುಗೆಯ ಉಸ್ತುವಾರಿ ನೋಡುವ ಸಿಸ್ಟರ್ ನಾನು ತೊಳೆದಿಟ್ಟ ಬಾಣಲೆಯನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಮಾತೂ ಆಡದೆ ಮತ್ತೆ ತೊಟ್ಟಿಗೆ ಇಟ್ಟರು. ಎರಡನೆಯ ಸಲ ತೊಳೆದೆ. ಮತ್ತೆ ಇಟ್ಟರು. ಒಬ್ಬರಿಂದ ತಿದ್ದಿಸಿಕೊಂಡು ಎಷ್ಟು ವರ್ಷವಾಯಿತೆಂದು ಆಗ ಲೆಕ್ಕ ಹಾಕಿದೆ. ಸಿಸ್ಟರ್ ಯಾರ ಎದುರಿಗೂ ಏನೂ ಹೇಳಲಿಲ್ಲ ಎಂಬುದನ್ನೂ ಗಮನಿಸಿದೆ.

ನನ್ನ ಗುಂಪಿನಲ್ಲಿ ಮದ್ದೂರಿನ ಕಡೆಯ ಒಬ್ಬ ಹಿರಿಯ ರೈತರಿದ್ದರು. ಅವರ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿದೆ. ಆ ಸಂಜೆ ಮಾತಿಗೆ ಬಿಡುವು ಸಿಕ್ಕಾಗ ಬೋಧನೆಯ ಬಗ್ಗೆ ಅವರು ಹೇಳಿದ್ದು ಇಷ್ಟು: "ತೂಬಿನ ಪಕ್ಕದೋನು ನೀರು ತಂದೇ ಅನ್ಕೋತಾನೆ ಮೇಷ್ಟ್ರೇ. ಕನ್ನಂಬಾಡೀಲಿ ಕಟ್ಟೆ ಕಟ್ಟಿದ್ದು ಅವನಾ? ಮಳೆ ಉಯ್ದಿದ್ದು ಅವನಾ? ಅವನ ಗದ್ದೆ ಮುಂದಿತ್ತು, ನೀರು ಮೊದ್ಲು ಸಿಕ್ತು, ಅಷ್ಟೇಯ." ನಿನಗೆ ಕೊಡಲ್ಪಡದೆ ನಿನ್ನಲ್ಲಿ ಇರುವುದಾದರೂ ಏನು ಎಂದು ಬೈಬಲಿನಲ್ಲಿ ಸಂತ ಪೌಲರು ಕೊರಿಂಥ ಊರಿನ ಕ್ರೈಸ್ತರನ್ನು ಕೇಳಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕೇಳಿಲ್ಲ. ನನ್ನ ತಂದೆಗೆ ಮಿಷನ್ ಶಾಲೆಯ ಪಕ್ಕದಲ್ಲಿ ಮನೆಯಿತ್ತು. ಓದಿಸಲು ಗುರುಗಳಿದ್ದರು. ನನ್ನ ಗದ್ದೆ ತೂಬಿನ ಪಕ್ಕದಲ್ಲಿತ್ತು. ಆ ಹುಡುಗನದು ಕೊನೆಭಾಗದಲ್ಲಿತ್ತು.

ಮರುದಿನದ ಬೋಧನೆಯಲ್ಲಿ ಗುರುಗಳು ಇದೇ ಎಳೆಯನ್ನು ಬೇರೊಂದು ಕಡೆಯಿಂದ ಹಿಡಿದರು. ಮೈಸೂರಿನ ಕ್ರೈಸ್ತರಾದ ನಾವು ಊರಿಗೆ ಬಂದ ನೆಂಟರಿಗೆಲ್ಲ ಸಂತ ಫಿಲೋಮಿನಾ ದೇವಾಲಯವನ್ನು ತೋರಿಸಿ, 175 ಅಡಿ ಎತ್ತರದ ಅವಳಿ ಗೋಪುರಗಳನ್ನು ನಮ್ಮವೆಂದು ಹೇಳಿಕೊಳ್ಳುತ್ತೇವೆ. 1933ರಲ್ಲಿ ಅದಕ್ಕೆ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, ನಮ್ಮ ಧರ್ಮಕ್ಕೆ ಸೇರದ ಅರಸರು. ನಾವು ಹೆಮ್ಮೆಪಡುವ ಅತಿ ಎತ್ತರದ ವಸ್ತುವೂ ಇನ್ನೊಬ್ಬರ ಔದಾರ್ಯದಿಂದ ಬಂದದ್ದು. ಸಂತಳ ಪವಿತ್ರ ಅವಶೇಷವನ್ನು ನೋಡಬೇಕಾದರೆ ಗೋಪುರ ಹತ್ತುವಂತಿಲ್ಲ, ಇಕ್ಕಟ್ಟಾದ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗಬೇಕು ಎಂದೂ ಅವರು ಸೇರಿಸಿದರು. ಬಾಲ್ಯದಿಂದ ನೂರಾರು ಸಲ ಆ ಮೆಟ್ಟಿಲಿಳಿದಿದ್ದರೂ ಈ ಮಾತು ನನಗೆ ಹೊಳೆದಿರಲಿಲ್ಲ.

ಪ್ರತಿಯೊಬ್ಬರಿಗೂ ಅರ್ಧ ಗಂಟೆ ಗುರುಗಳೊಡನೆ ಏಕಾಂತದಲ್ಲಿ ಮಾತಾಡಲು ಸಮಯ ಕೊಡುತ್ತಾರೆ. ಇದನ್ನು ಯಾರೂ ತಪ್ಪಿಸಿಕೊಳ್ಳಬಾರದು. ನಾನು ಹುಡುಗನ ವಿಷಯವನ್ನೆಲ್ಲ ಹೇಳಿ, ಉಚ್ಚಾರಣೆ ತಿದ್ದುವುದೂ ನನ್ನ ಕರ್ತವ್ಯವೇ ಅಲ್ಲವೇ ಎಂದು ಕೇಳಿದೆ. ಅವರು ನನ್ನನ್ನು ಖಂಡಿಸಲಿಲ್ಲ. ಬೈಬಲನ್ನು ನನ್ನ ಕೈಗೆ ಕೊಟ್ಟು, ಸಂತ ಮತ್ತಾಯನ ಶುಭಸಂದೇಶದ 26ನೆಯ ಅಧ್ಯಾಯದ ಕೊನೆಯ ಭಾಗವನ್ನು ಓದಿಸಿದರು. ಯೇಸುವನ್ನು ಬಂಧಿಸಿದ ರಾತ್ರಿ ಅವರ ಶಿಷ್ಯ ಪೇತ್ರ ಪ್ರಧಾನ ಯಾಜಕನ ಅಂಗಳದಲ್ಲಿದ್ದಾನೆ. ಅಲ್ಲಿದ್ದವರು ಅವನ ಹತ್ತಿರ ಬಂದು, ನೀನೂ ಅವರಲ್ಲಿ ಒಬ್ಬ, ನಿನ್ನ ಮಾತಿನ ರೀತಿಯೇ ಅದನ್ನು ತೋರಿಸಿಕೊಡುತ್ತದೆ ಎನ್ನುತ್ತಾರೆ. ಪೇತ್ರ ಗಲಿಲೇಯದವನು, ಜೆರುಸಲೇಮಿನವರ ಕಿವಿಗೆ ಅವನ ನುಡಿ ಹಳ್ಳಿಯವರದು. "ಆ ಅಂಗಳದಲ್ಲಿ ಅವನ ಉಚ್ಚಾರಣೆಯನ್ನು ಗುರುತಿಸಿದವರು ಯಾರು ಮೇಷ್ಟ್ರೇ?" ಎಂದು ಮಾತ್ರ ಕೇಳಿದರು.

ಎಷ್ಟೋ ವರ್ಷ ಪಾಡುಗಳ ಭಾನುವಾರ ಪ್ರಭುವಿನ ಯಾತನೆಯ ವೃತ್ತಾಂತವನ್ನು ದೇವಾಲಯದಲ್ಲಿ ನಾನೇ ಓದಿದ್ದೇನೆ. ಆ ವಾಕ್ಯವನ್ನು ಒಂದು ಅಕ್ಷರವೂ ತಪ್ಪದೆ, ಶಕಾರ ಸಕಾರಗಳ ವ್ಯತ್ಯಾಸ ಕೆಡದಂತೆ ಓದಿದ್ದೇನೆ. ಆ ಅಂಗಳದಲ್ಲಿ ನಾನು ಯಾರ ಪಕ್ಕದಲ್ಲಿ ನಿಂತಿದ್ದೇನೆಂಬುದನ್ನು ಆ ಮಧ್ಯಾಹ್ನದವರೆಗೆ ನೋಡಿರಲಿಲ್ಲ. ಕೋಣೆಗೆ ಹಿಂತಿರುಗಿದ ಮೇಲೆ ಬಹಳ ಹೊತ್ತು ಅತ್ತೆ. ಧ್ಯಾನಕೂಟಕ್ಕೆ ಕೊಟ್ಟ ಹಣ, ಸಮಯ ಎಲ್ಲವೂ ಆ ಒಂದು ಪ್ರಶ್ನೆಗೆ ಸಲ್ಲುತ್ತದೆ.

ಭಾನುವಾರ ಸಂಜೆ ಎಲ್ಲರನ್ನೂ ಮೌನವಾಗಿ ಶ್ರೀರಂಗಪಟ್ಟಣದ ಗಂಜಾಂಗೆ ಕರೆದೊಯ್ದರು. ಅಲ್ಲಿಯ ಹಳೆಯ ದೇವಾಲಯ ಫ್ರಾನ್ಸಿನಿಂದ ಬಂದ ಪಾದ್ರಿ ಅಬ್ಬೆ ದ್ಯುಬುವಾ ಅವರ ಹೆಸರಿನೊಡನೆ ಬೆಸೆದುಕೊಂಡಿದೆ. 1792ರಲ್ಲಿ ಭಾರತಕ್ಕೆ ಬಂದ ಅವರು, ಟಿಪ್ಪುವಿನ ಪತನದ ನಂತರ ಚದುರಿಹೋಗಿದ್ದ ಇಲ್ಲಿಯ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದರು, ಸಿಡುಬಿನ ಲಸಿಕೆ ಹಾಕಿಸಲು ದುಡಿದರು, ಈ ನೆಲದವರಂತೆ ಉಟ್ಟು ಉಂಡು ಬದುಕಿ 1823ರಲ್ಲಿ ಹಿಂತಿರುಗಿದರು. ಜನ ಅವರನ್ನು ದೊಡ್ಡಸ್ವಾಮಿ ಎನ್ನುತ್ತಿದ್ದರು. ಸಿಸ್ಟರೊಬ್ಬರು ಇದಿಷ್ಟನ್ನು ಹೇಳಿ ಅವರನ್ನು ದೀನತೆಯ ಮಾದರಿಯೆಂದು ಕರೆದು ಮುಗಿಸಿದರು. ಇಲ್ಲಿ ನನ್ನದೊಂದು ಭಿನ್ನಾಭಿಪ್ರಾಯವಿದೆ. ದ್ಯುಬುವಾ ಅವರ ತ್ಯಾಗ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ತಾವು ಯಾರ ನಡುವೆ ಬದುಕಿದರೋ ಆ ಜನರ ಆಚಾರ ವಿಚಾರಗಳ ಬಗ್ಗೆ ಅವರು ಬರೆದದ್ದರಲ್ಲಿ ಕಠಿಣವಾದ ತೀರ್ಪುಗಳೂ ಸಾಕಷ್ಟಿವೆ. ಒಬ್ಬರ ಬಟ್ಟೆ ಉಟ್ಟು, ಅವರ ಅನ್ನ ಉಂಡು, ಅವರ ಕಾಯಿಲೆಗೆ ಮದ್ದು ತಂದ ಮೇಲೂ ಅವರಿಂದ ಕಲಿಯಬೇಕಾದದ್ದು ಇದೆ ಎಂದು ಒಪ್ಪುವುದು ಎಷ್ಟು ಕಷ್ಟವೆಂಬುದನ್ನು ಆ ಜೀವನ ತೋರಿಸುತ್ತದೆ. ಅದನ್ನು ಹೇಳಿದ್ದರೆ ಆ ಭೇಟಿ ಇನ್ನೂ ಫಲ ಕೊಡುತ್ತಿತ್ತು.

ಯೇಸು ಶಿಷ್ಯರ ಪಾದ ತೊಳೆದದ್ದನ್ನು ನೆನೆದು ಮಾಡುವ ಪಾದ ತೊಳೆಯುವ ವಿಧಿಯನ್ನು ಇಲ್ಲಿ ಮಾಡಿಸುವುದಿಲ್ಲ. ಕೆಲವರಿಗೆ ನಿರಾಶೆಯಾಯಿತು. ಅದು ಪವಿತ್ರ ಗುರುವಾರದ ಬಲಿಪೂಜೆಗೆ ಸೇರಿದ್ದು, ಇಲ್ಲಿ ಪಾತ್ರೆ ತೊಳೆಯಿರಿ ಎಂದರು ಗುರುಗಳು. ಸರಿಯಾದ ನಿರ್ಧಾರ.

ಕೊರತೆಗಳಲ್ಲಿ ಎರಡನ್ನು ಗಂಭೀರವಾಗಿ ಹೇಳಬೇಕು. ಮೊದಲನೆಯದು, ಬೋಧನೆಗಳೆಲ್ಲ ಅಧಿಕಾರವೋ ವಿದ್ಯೆಯೋ ಇರುವವರನ್ನು, ಅಂದರೆ ನನ್ನಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದವು. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿದ್ದರು. ಮನೆಯಲ್ಲೇ ಊದುಬತ್ತಿ ಹೊಸೆದು ಮಕ್ಕಳನ್ನು ಓದಿಸಿದ ಒಬ್ಬ ತಾಯಿ ಎರಡನೆಯ ದಿನ ಎದ್ದು ನಿಂತು, "ಹುಟ್ಟಿದಾಗಿನಿಂದ ತಗ್ಗಿ ಬಗ್ಗಿಯೇ ನಡೆದಿದ್ದೀವಿ ಫಾದರ್. ನಾವು ಇನ್ನೆಷ್ಟು ತಗ್ಗಬೇಕು?" ಎಂದು ಕೇಳಿದರು. ಸಭೆ ಸ್ತಬ್ಧವಾಯಿತು. ಗುರುಗಳು ಒಳ್ಳೆಯ ಉತ್ತರವನ್ನೇ ಕೊಟ್ಟರು: ಮಾತೆ ಮರಿಯಳ ಸ್ತುತಿಗೀತೆಯಲ್ಲಿ ದೇವರು ಬಲಿಷ್ಠರನ್ನು ಸಿಂಹಾಸನದಿಂದ ಇಳಿಸಿ ದೀನರನ್ನು ಮೇಲೆತ್ತುತ್ತಾನೆ, ದೀನತೆಯ ಹೆಸರಿನಲ್ಲಿ ಅನ್ಯಾಯವನ್ನು ಸಹಿಸಿಕೊಂಡಿರೆಂದು ಯಾರಾದರೂ ಹೇಳಿದರೆ ಅದು ಶುಭಸಂದೇಶದ ಮಾತಲ್ಲ, ಸತ್ಯದಲ್ಲಿ ನಡೆಯುವುದೇ ದೀನತೆಯಾದರೆ ನಿಮ್ಮ ಬೆಲೆಯ ಸತ್ಯವನ್ನು ನೀವು ತಿಳಿಯುವುದೂ ದೀನತೆಯೇ. ಆದರೆ ಇದಕ್ಕೆ ಸಿಕ್ಕಿದ್ದು ಹತ್ತು ನಿಮಿಷ. ಇಡೀ ಒಂದು ಬೋಧನೆಯನ್ನು ಇದಕ್ಕೇ ಮೀಸಲಿಡಬೇಕು, ಅದನ್ನು ಒಬ್ಬ ಧರ್ಮಭಗಿನಿಯೋ ಗೃಹಿಣಿಯೋ ನಡೆಸಬೇಕು. ಪಾಳಿಯ ಪಟ್ಟಿಯಲ್ಲೂ ಅಡುಗೆಮನೆಯ ಕೆಲಸಕ್ಕೆ ಹೆಂಗಸರ ಗುಂಪುಗಳ ಹೆಸರು ಎರಡೆರಡು ಸಲ ಬಂದಿತ್ತು. ಮನೆಯಲ್ಲಿ ದಿನವೂ ಪಾತ್ರೆ ತೊಳೆಯುವವರಿಗೆ ಇಲ್ಲಿ ಕೂತು ಧ್ಯಾನಿಸುವ ಬಿಡುವು ಸಿಗಬೇಕಿತ್ತು.

ಎರಡನೆಯದು, ಸೋಮವಾರದ ಸಮಾರೋಪ. ಮೌನ ಮುಗಿಯುತ್ತಿದ್ದಂತೆ ಸಾಕ್ಷ್ಯ ಹೇಳಲು ಮೈಕು ಕೊಟ್ಟರು. ಒಬ್ಬರಾದ ಮೇಲೊಬ್ಬರು ತಾವು ಎಷ್ಟು ಮುರಿದುಹೋದೆವು, ಎಷ್ಟು ಬದಲಾದೆವು ಎಂದು ಹೇಳತೊಡಗಿದಾಗ, ಹಿಂದೆ ಹೇಳಿದವರಿಗಿಂತ ಆಳವಾಗಿ ಹೇಳಬೇಕೆಂಬ ಆಸೆ ಮಾತುಗಳಲ್ಲಿ ನುಸುಳಿತು. ನನಗೂ ಕೈ ಎತ್ತಬೇಕೆನ್ನಿಸಿತ್ತು, ಆದ್ದರಿಂದ ಯಾರನ್ನೂ ದೂರುವುದಿಲ್ಲ. ಅದರ ಬೆನ್ನಿಗೇ ಮನೆಗೆ ದೇಣಿಗೆ ಕೊಟ್ಟವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟದ ಸನ್ಮಾನ ನಡೆಯಿತು. ಕೃತಜ್ಞತೆ ಸಲ್ಲಿಸುವುದು ಬೇಕು. ಆದರೆ ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯಬಾರದೆಂಬ ಪ್ರಭುವಿನ ಮಾತನ್ನು ಹಿಂದಿನ ದಿನವಷ್ಟೇ ಓದಿದ ಸಭಾಂಗಣದಲ್ಲಿ, ಅದೇ ಕುರ್ಚಿಗಳಲ್ಲಿ ಕೂತು, ಇದನ್ನು ನೋಡುವುದು ನೋವಾಯಿತು. ಸಾಕ್ಷ್ಯದ ಬದಲು ಅರ್ಧ ಗಂಟೆ ಪರಮಪ್ರಸಾದದ ಆರಾಧನೆ ಇಟ್ಟು, ದಾನಿಗಳಿಗೆ ಒಂದು ಪತ್ರ ಬರೆದರೆ ಸಾಕು. ಇದನ್ನು ಅಭಿಪ್ರಾಯದ ಹಾಳೆಯಲ್ಲೂ ಬರೆದುಕೊಟ್ಟಿದ್ದೇನೆ.

ಮನೆಗೆ ಬಂದ ವಾರ ಆ ಹುಡುಗನ ವಿಳಾಸ ಹುಡುಕಿ ಹೋದೆ. ಒಳಗೆ ಕರೆದು ಕಾಫಿ ಕೊಟ್ಟ. ಕ್ಷಮಿಸು ಎಂದಾಗ ಅವನಿಗೆ ಬಹಳ ಮುಜುಗರವಾಯಿತು, "ಬುಡಿ ಸಾರ್, ಮರ್ತೋಯ್ತು" ಎಂದ. ಮರೆತಿರಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ಮತ್ತೆ ನಮ್ಮಲ್ಲಿಗೆ ಬಂದು ಓದುತ್ತೀಯಾ ಎಂದು ಕೇಳಿದೆ. ಈಗ ಇನ್ನೊಂದು ಧರ್ಮಕೇಂದ್ರದಲ್ಲಿ ತಿಂಗಳಿಗೊಮ್ಮೆ ಓದುತ್ತಿದ್ದೇನೆ, ಅಲ್ಲೇ ಚೆನ್ನಾಗಿದೆ ಎಂದ. ನಾನು ಹೋಗುವಾಗ ಅವನು ಮರಳಿ ಬರುತ್ತಾನೆಂದೇ ಎಣಿಸಿಕೊಂಡಿದ್ದೆ. ಬರುವುದಿಲ್ಲವೆಂಬುದನ್ನು ಒಪ್ಪಿಕೊಂಡು ಎದ್ದೆ. ಮುಂದಿನ ತಿಂಗಳು ಅವನ ಸರದಿಯ ಭಾನುವಾರ ನನ್ನ ಹೆಂಡತಿಯೊಡನೆ ಆ ದೇವಾಲಯಕ್ಕೆ ಹೋಗಿ ಪೂಜೆಯಲ್ಲಿ ಭಾಗವಹಿಸಿದೆ. ಯೆಶಾಯನ ವಾಚನವಿತ್ತು. ದನಿ ಸ್ಪಷ್ಟವಾಗಿತ್ತು, ಆತುರವಿರಲಿಲ್ಲ, ಕೊನೆಯ ಸಾಲಿನವರೆಗೂ ಕೇಳುತ್ತಿತ್ತು. ನಮ್ಮ ಧರ್ಮಕೇಂದ್ರದ ವಾಚನ ತರಬೇತಿಯನ್ನು ಈಗ ಇನ್ನೊಬ್ಬರಿಗೆ ವಹಿಸಿದ್ದೇವೆ. ಅವರು ಕೇಳಿದಾಗ ಮಾತ್ರ ಸಹಾಯಕ್ಕೆ ಹೋಗುತ್ತೇನೆ.

ಹೋಗಬೇಕೆನ್ನುವವರಿಗೆ: ಇಂಥ ಧ್ಯಾನಕೂಟಗಳ ದಿನಾಂಕ, ಸ್ಥಳಗಳನ್ನು ನಿಮ್ಮ ಧರ್ಮಕೇಂದ್ರದ ಗುರುಗಳಲ್ಲಿ ವಿಚಾರಿಸಬಹುದು. ತಪಸ್ಸುಕಾಲದ ಕೂಟಗಳಿಗೆ ಆ ಕಾಲ ಶುರುವಾಗುವ ವಿಭೂತಿ ಬುಧವಾರಕ್ಕೆ ಮೊದಲೇ ಹೆಸರು ಬರೆಸಿ, ಆಮೇಲೆ ಜಾಗ ಸಿಗುವುದು ಕಷ್ಟ. ಮಂಡಿನೋವಿರುವವರು ಕೆಳಗಿನ ಅಂತಸ್ತಿನ ಕೋಣೆ ಬೇಕೆಂದು ಮೊದಲೇ ತಿಳಿಸಬೇಕು, ಮೇಲಿನ ಅಂತಸ್ತಿಗೆ ಮೆಟ್ಟಿಲು ಬಿಟ್ಟು ಬೇರೆ ದಾರಿಯಿಲ್ಲ. ನಾಲೆ ಹತ್ತಿರವಿರುವುದರಿಂದ ಸೊಳ್ಳೆ ಹೆಚ್ಚು, ಪರದೆ ಇದ್ದರೂ ಒಂದು ಹೊದಿಕೆ ತನ್ನಿ. ಬೈಬಲ್, ಜಪಸರ, ಒಂದು ನೋಟುಪುಸ್ತಕ, ನೀರಿನಲ್ಲಿ ಹಾಕಿಕೊಳ್ಳಬಹುದಾದ ಚಪ್ಪಲಿ ಇರಲಿ. ಪಾಳಿಯಲ್ಲಿ ನಿಮಗೆ ತೊಟ್ಟಿಯ ಕೆಲಸ ಬಂದರೆ ಬದಲಾಯಿಸಿಕೊಳ್ಳಲು ಕೇಳಬೇಡಿ.